ಸೆಸ್ನಾದ ರೇಡಿಯೊದಲ್ಲಿ ಗರಗರ: ಸದ್ದಿನ ಬೆನ್ನು ಹತ್ತಿದ ಬಗೆ

‘ರೇಡಿಯೊದಲ್ಲಿ ಸದ್ದು’ ಎಂದಷ್ಟೇ ಹಾರಿಸಿದವರು ಸ್ನ್ಯಾಗ್, ಎಂದರೆ ವಿಮಾನದ ದೋಷದ ದೂರು, ಬರೆದಿದ್ದರು. ಹೊಟ್ಟೆನೋವು ಎಂದು ಹೇಳಿ ಸುಮ್ಮನೆ ಕುಳಿತುಬಿಡುವ ರೋಗಿಯ ಹಾಗೆ. ವಿಮಾನ ಸೆಸ್ನಾ 172ಪಿ. 160 ಅಶ್ವಶಕ್ತಿಯ ಲೈಕಮಿಂಗ್ ಇಂಜಿನ್, 28 ವೋಲ್ಟ್‌ನ ವಿದ್ಯುತ್ ವ್ಯವಸ್ಥೆ. ನನಗಿಂತ ಮೊದಲು ನೋಡಿದವರು ಯಾರೋ ರೇಡಿಯೊಗೆ ಹೋಗುವ ವಿದ್ಯುತ್ ತಂತಿಗೆ ಒಂದು ಫಿಲ್ಟರ್ ಸಿಕ್ಕಿಸಿ ಕೈತೊಳೆದುಕೊಂಡಿದ್ದರು. ಸದ್ದು ಮಾತ್ರ ಹಾಗೆಯೇ ಇತ್ತು.

ಹಾರಿಸಿದ ವಿದ್ಯಾರ್ಥಿಯನ್ನು ಕರೆಸಿ, ಥ್ರಾಟಲ್ ಮುಂದೆ ತಳ್ಳಿದಾಗ ಏನಾಗುತ್ತದೆ ಎಂದು ಕೇಳಿದೆ. “ಗರಗರ ಬಿರುಸಾಗುತ್ತದೆ ಸರ್. ಅದರ ಹಿಂದೆ ಸಣ್ಣಗೆ ಕುಯ್ ಎಂದೂ ಕೇಳಿಸುತ್ತದೆ” ಎಂದ. ಈ ಎರಡನೆಯ ಮಾತನ್ನು ಅವನು ಸ್ನ್ಯಾಗ್ ಹಾಳೆಯಲ್ಲಿ ಬರೆದಿದ್ದರೆ ಫಿಲ್ಟರಿನ ದುಡ್ಡಾದರೂ ಉಳಿಯುತ್ತಿತ್ತು. ಗರಗರ ಬೇರೆ, ಕುಯ್ ಬೇರೆ. ಗರಗರ ಇಂಜಿನ್ನಿನ ಕಿಡಿಯ ಸದ್ದು, ಕುಯ್ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನದು. ಎರಡನ್ನೂ ಒಂದೇ ದೋಷವೆಂದು ಹಿಡಿದು ಹುಡುಕಿದರೆ ಯಾವ ಪರೀಕ್ಷೆಯ ಫಲವೂ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ವಿಮಾನದ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ. ಅದು ಎಫ್‌ಎಂ ಅಲ್ಲ, ಇಂದಿಗೂ ಎಎಂ. ಇಬ್ಬರು ಒಟ್ಟಿಗೆ ಮಾತನಾಡಿದರೆ ಎಎಂನಲ್ಲಿ ಕೀಚಲು ದನಿಯೊಂದು ಏಳುತ್ತದೆ, ಇನ್ನೊಬ್ಬರೂ ಮಾತನಾಡುತ್ತಿದ್ದಾರೆ ಎಂದು ತಿಳಿಯುತ್ತದೆ; ಎಫ್‌ಎಂನಲ್ಲಾದರೆ ಬಲವಾದ ದನಿ ದುರ್ಬಲ ದನಿಯನ್ನು ನುಂಗಿಬಿಡುತ್ತದೆ. ಈ ಅನುಕೂಲಕ್ಕೆ ನಾವು ತೆರುವ ಬೆಲೆಯೆಂದರೆ ಕಿಡಿಯ ಸದ್ದು. ಅಲೆಯ ಬಲದ ಏರಿಳಿತವೇ ಮಾತಾಗುವ ಕಡೆ, ಕಿಡಿಯಿಂದಾಗುವ ಏರಿಳಿತವೂ ಮಾತಿನ ಜೊತೆಗೇ ಕಿವಿಗೆ ಬೀಳುತ್ತದೆ.

ಕೌಲಿಂಗ್ (ಇಂಜಿನ್ನಿನ ಮುಚ್ಚಳ) ಬಿಚ್ಚುವ ಮೊದಲು ನಾನು ಕಾಕ್‌ಪಿಟ್‌ನಲ್ಲಿ ಕುಳಿತೇ ಅರ್ಧ ಕೆಲಸ ಮುಗಿಸುತ್ತೇನೆ. ಇಂಜಿನ್ ನಿಂತಿರುವಾಗ, ಬ್ಯಾಟರಿಯಲ್ಲಿ ರೇಡಿಯೊ ಮಾತ್ರ ಹಚ್ಚಿ, ಮಾತಿಲ್ಲದಾಗ ಹಿನ್ನೆಲೆ ಸದ್ದನ್ನು ತಡೆಯುವ ಸ್ಕ್ವೆಲ್ಚ್ ತೆರೆದು ಕೇಳಿದೆ. ಮಾಮೂಲಿ ಸುಯ್ಯೆನ್ನುವ ಹಿನ್ನೆಲೆ ಬಿಟ್ಟರೆ ಏನೂ ಇಲ್ಲ. ಬೀಕನ್, ದೀಪಗಳು, ಸ್ಟ್ರೋಬ್ (ರೆಕ್ಕೆಯ ತುದಿಯಲ್ಲಿ ಮಿಂಚುವ ದೀಪ) ಎಂದು ಒಂದೊಂದೇ ಸ್ವಿಚ್ ಹಾಕುತ್ತಾ ಹೋದೆ. ಸ್ಟ್ರೋಬ್ ಹಚ್ಚಿದಾಗ ಮಾತ್ರ ಪ್ರತಿ ಮಿಂಚಿನ ನಡುವೆ ಏರುದನಿಯ ಸಣ್ಣ ಸಿಳ್ಳೆ ಬಂತು. ದೂರಿಗೂ ಅದಕ್ಕೂ ಸಂಬಂಧವಿಲ್ಲವೆಂದು ಬದಿಗಿಟ್ಟೆ. ಪೈಲಟ್‌ಗಳು ಸಿಗರೇಟ್ ಲೈಟರಿಗೆ ಚುಚ್ಚಿಡುವ ಮೊಬೈಲ್ ಚಾರ್ಜರನ್ನಂತೂ ಪರೀಕ್ಷೆ ಶುರುವಾಗುವ ಮೊದಲೇ ಕಿತ್ತು ಕೈಗೆ ಕೊಡುತ್ತೇನೆ. ಅಗ್ಗದ ಚಾರ್ಜರಿನಷ್ಟು ಗಲಾಟೆ ಮಾಡುವ ವಸ್ತು ಕಾಕ್‌ಪಿಟ್‌ನಲ್ಲಿ ಬೇರೆ ಇರಲಾರದು.

ಆಮೇಲೆ ಇಂಜಿನ್. 1000 ಆರ್‌ಪಿಎಂನಲ್ಲೇ ಗರಗರ ಸ್ಪಷ್ಟವಾಗಿತ್ತು. ನಾಲ್ಕು ಸಿಲಿಂಡರಿನ ಈ ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಎಡ, ಬಲ ಎರಡು ಮ್ಯಾಗ್ನೆಟೊಗಳಿವೆ; ಒಂದೊಂದೂ ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 33 ಕಿಡಿ ಹಾರಿಸುತ್ತದೆ. 2400ಕ್ಕೆ ಏರಿಸಿದರೆ 80. 1700ಕ್ಕೆ ತಂದು ಕೀಲಿಯನ್ನು ಬಲಕ್ಕೆ, ಎಂದರೆ ಎಡ ಮ್ಯಾಗ್ನೆಟೊ ಸುಮ್ಮನಾಗುವಂತೆ ತಿರುಗಿಸಿದೆ. ಗರಗರ ನಿಂತಿತು. ಎಡಕ್ಕೆ ತಿರುಗಿಸಿದಾಗ ಪೂರ್ತಿ ಮರಳಿತು. ಹಾರಾಟಕ್ಕೆ ಮೊದಲು ಪ್ರತಿಯೊಬ್ಬ ಪೈಲಟ್ ಮಾಡುವ ಮ್ಯಾಗ್ನೆಟೊ ಪರೀಕ್ಷೆ ಇದೇ. ಆರ್‌ಪಿಎಂ ಎಷ್ಟು ಇಳಿಯಿತೆಂದು ನೋಡುವ ಆ ಹೊತ್ತಿನಲ್ಲಿ ಹೆಡ್‌ಸೆಟ್‌ಗೂ ಒಂದಿಷ್ಟು ಕಿವಿಗೊಟ್ಟರೆ ನಮ್ಮ ಕೆಲಸ ಎಷ್ಟೋ ಹಗುರ.

ಕುಯ್ ಎನ್ನುವ ಸದ್ದು ಮ್ಯಾಗ್ನೆಟೊಗೆ ಜಗ್ಗಲಿಲ್ಲ. ಮಾಸ್ಟರ್ ಸ್ವಿಚ್ಚಿನ ಆಲ್ಟರ್ನೇಟರ್ ಭಾಗವನ್ನು ಆರಿಸಿದೊಡನೆ ಮಾಯವಾಯಿತು, ಹಾಕಿದೊಡನೆ ಬಂತು.

ಯಾವುದರ ಸದ್ದು ಎಂಬುದು ತಿಳಿಯಿತು. ಅದು ಯಾವ ಬಾಗಿಲಿನಿಂದ ಒಳಬರುತ್ತಿದೆ ಎಂಬುದು ಅದಕ್ಕಿಂತ ಮುಖ್ಯ. ಫಿಲ್ಟರ್ ಸಿಕ್ಕಿಸಿದವರು ಕೇಳದೆ ಬಿಟ್ಟದ್ದು ಈ ಪ್ರಶ್ನೆಯನ್ನೇ. ಇಂಜಿನ್ ನಿಲ್ಲಿಸಿ, ರೇಡಿಯೊದ ಹಿಂದಿನ ಆಂಟೆನಾ ಕೇಬಲ್ ಬಿಚ್ಚಿ, ಮತ್ತೆ ಚಾಲೂ ಮಾಡಿದೆ. (ಆಂಟೆನಾ ಇಲ್ಲದಿರುವಾಗ ಮಾತಿನ ಗುಂಡಿ ಒತ್ತಬಾರದು, ಟ್ರಾನ್ಸ್‌ಮಿಟರ್ ಸುಟ್ಟೀತು.) ಗರಗರ ಪೂರ್ತಿ ಹೋಗಿತ್ತು: ಅದು ಗಾಳಿಯಲ್ಲಿ ಹಾರಿ ಆಂಟೆನಾದ ಮೂಲಕವೇ ಬರುತ್ತಿತ್ತು. ಕುಯ್ ಹಾಗೆಯೇ ಇತ್ತು. ರೇಡಿಯೊದ ವಾಲ್ಯೂಮನ್ನು ಸೊನ್ನೆಗಿಳಿಸಿದೆ, ಆಗಲೂ ಇತ್ತು. ವಾಲ್ಯೂಮಿಗೆ ಬಗ್ಗದ ಸದ್ದು ರೇಡಿಯೊ ದಾಟಿದ ಮೇಲೆ, ಹೆಡ್‌ಸೆಟ್ ಕಡೆಯ ತಂತಿಗಳಲ್ಲಿ ಸೇರಿಕೊಳ್ಳುತ್ತದೆ. ಎರಡೂ ಸದ್ದುಗಳ ದಾರಿಯಲ್ಲಿ ಆ ಫಿಲ್ಟರ್ ಇರಲೇ ಇಲ್ಲ.

ಮೊದಲು ಎಡ ಮ್ಯಾಗ್ನೆಟೊ. ಅದರಿಂದ ಕೀಲಿ ಸ್ವಿಚ್ಚಿಗೆ ಬರುವ ತಂತಿಗೆ ಪಿ-ಲೀಡ್ ಎನ್ನುತ್ತೇವೆ. ಅದು ಗ್ರೌಂಡಿಗೆ, ಎಂದರೆ ವಿಮಾನದ ಲೋಹದ ಮೈಗೆ, ತಾಗಿದರೆ ಮ್ಯಾಗ್ನೆಟೊ ನಿಲ್ಲುತ್ತದೆ. ಕಳಚಿದರೆ, ಕೀಲಿ ಕೈಯಲ್ಲಿದ್ದರೂ ಮ್ಯಾಗ್ನೆಟೊ ಜೀವಂತ. ಪ್ರೊಪೆಲ್ಲರನ್ನು ಯಾರಾದರೂ ಕೈಯಿಂದ ಸ್ವಲ್ಪ ತಿರುಗಿಸಿದರೂ ಇಂಜಿನ್ ಹತ್ತಿಕೊಳ್ಳಬಹುದು. ಆದ್ದರಿಂದ ಸ್ಪಾರ್ಕ್ ಪ್ಲಗ್ ತಂತಿಗಳನ್ನು ಕಳಚಿ, ಪ್ರೊಪೆಲ್ಲರಿಗೆ ಎಚ್ಚರಿಕೆಯ ಫಲಕ ತೂಗುಹಾಕಿಯೇ ಕೈ ಹಾಕಿದೆ.

ಹೊರಗಿನಿಂದ ತಂತಿ ಹೊಸದರಂತಿತ್ತು. ಮ್ಯಾಗ್ನೆಟೊ ತುದಿಯ ಕಪ್ಪು ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಸದ್ದು ಹೊರಬೀಳದಂತೆ ತಡೆಯುವ ಒಳಗಿನ ಶೀಲ್ಡ್ ಕಂಡಿತು: ತವರ ಲೇಪಿಸಿದ ಸಣ್ಣ ಎಳೆಗಳ ಹೆಣಿಗೆ. ಗ್ರೌಂಡ್ ಮಾಡುವ ಉಂಗುರದ ಬುಡದಲ್ಲಿ ಎಳೆಗಳೆಲ್ಲ ಕತ್ತರಿಸಿದಂತೆ ತುಂಡಾಗಿ, ತುದಿಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಹಿಡಿದುಕೊಂಡಿದ್ದ ಬೆರಳೆಣಿಕೆಯ ಎಳೆಗಳು ಉಗುರಿನಿಂದ ಮೀಟಿದರೆ ಅಲುಗುತ್ತಿದ್ದವು. ಇಂಜಿನ್ನಿನ ನಡುಕಕ್ಕೆ ತಂತಿಗೆ ಆಸರೆ ಕೊಡುವ ಕ್ಲಾಂಪ್ ಇಲ್ಲದಿದ್ದರೆ ಇದು ಹೀಗೇ ಆಗುತ್ತದೆ. ಗ್ರೌಂಡ್ ತಪ್ಪಿದ ಶೀಲ್ಡ್ ಸದ್ದನ್ನು ತಡೆಯುವುದಿರಲಿ, ತಾನೇ ಅದನ್ನು ಬಿತ್ತರಿಸುತ್ತದೆ. ಇಡೀ ಪಿ-ಲೀಡ್ ಬದಲಿಸಿ, ಮ್ಯಾಗ್ನೆಟೊ ಪಕ್ಕದಲ್ಲೇ ಕ್ಲಾಂಪ್ ಹಾಕಿದೆ.

ಮುಗಿಯಿತೇ ಎಂದು ನೋಡಲು ನನ್ನ ನೆಚ್ಚಿನ ಸಾಧನ ಒಂದು ಹಳೆಯ ಪಾಕೆಟ್ ಟ್ರಾನ್ಸಿಸ್ಟರ್. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಿಂದ ಮುಳ್ಳನ್ನು ಆಚೆ ಸರಿಸಿ, ಯಾವ ನಿಲಯವೂ ಇಲ್ಲದ ಜಾಗಕ್ಕೆ ತಂದು ಕಾಕ್‌ಪಿಟ್‌ನಲ್ಲಿ ತಂತಿಗಳ ಉದ್ದಕ್ಕೂ ಆಡಿಸಿದರೆ, ಸೋರುವ ಜಾಗದಲ್ಲಿ ಅದೇ ಬೊಬ್ಬೆಯಿಡುತ್ತದೆ. ದುಬಾರಿ ಸ್ಪೆಕ್ಟ್ರಮ್ ಅನಲೈಸರ್ ಬೀರುವಿನಲ್ಲಿದ್ದರೂ ನಾನು ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ. ಈ ಬಾರಿ ಕೀಲಿ ಸ್ವಿಚ್ಚಿನ ಹಿಂದೆ ಹಿಡಿದಾಗಲೂ ಅದು ಸುಮ್ಮನಿತ್ತು.

ಕುಯ್‌ಗೆ ಎಲ್ಲರೂ ಮೊದಲು ಬೈಯುವುದು ಆಲ್ಟರ್ನೇಟರಿನ ಡಯೋಡುಗಳನ್ನು. ಮಲ್ಟಿಮೀಟರನ್ನು ಎಸಿಗೆ ಇಟ್ಟು ಬಸ್‌ಬಾರ್ (ವಿದ್ಯುತ್ ಹಂಚುವ ಲೋಹದ ಪಟ್ಟಿ) ಮೇಲಿನ ಏರಿಳಿತ ಅಳೆದೆ, ಡಯೋಡುಗಳು ಸರಿಯಾಗಿದ್ದವು. ನನ್ನ ಅನುಮಾನವಿದ್ದದ್ದು ಹೆಡ್‌ಸೆಟ್ ಜ್ಯಾಕುಗಳ ಮೇಲೆ. ಇವು ಲೋಹದ ಪ್ಯಾನೆಲ್ಲಿಗೆ ತಾಗಕೂಡದು, ನಡುವೆ ಫೈಬರ್ ವಾಷರುಗಳಿರಬೇಕು. ಗ್ರೌಂಡ್ ಒಂದೇ ಕಡೆ, ಆಡಿಯೊ ಪ್ಯಾನೆಲ್ ಹತ್ತಿರ. ಆಲ್ಟರ್ನೇಟರಿನ ಕರೆಂಟು ವಿಮಾನದ ಮೈಯ ಮೂಲಕವೇ ಹಿಂದಿರುಗುವುದರಿಂದ ಮೈಯ ಒಂದು ಕಡೆಗೂ ಇನ್ನೊಂದು ಕಡೆಗೂ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಜ್ಯಾಕು ಎರಡನೆಯ ಕಡೆ ಮೈಗೆ ತಾಗಿದರೆ ಆ ವ್ಯತ್ಯಾಸ ನೇರವಾಗಿ ಕಿವಿಗೆ ಬರುತ್ತದೆ. ಆಡಿಯೊ ಪ್ಯಾನೆಲ್ಲಿನ ಕನೆಕ್ಟರ್ ಬಿಚ್ಚಿ ಅಳೆದಾಗ ಬಲ ಸೀಟಿನ ಮೈಕ್ ಜ್ಯಾಕು ಮೈಗೆ ತಾಗಿದೆಯೆಂದು ಮೀಟರ್ ಬೀಪ್ ಎಂದಿತು. ನಟ್ ಬಿಚ್ಚಿದರೆ ವಾಷರ್ ಎರಡು ಹೋಳಾಗಿ ಅಂಗೈಗೆ ಬಿತ್ತು. ಕೆಲವೇ ರೂಪಾಯಿಯ ಸಾಮಾನು.

ಬೇಡದ ಫಿಲ್ಟರನ್ನು ತೆಗೆದು, ಕೆಲಸವನ್ನೆಲ್ಲ ಲಾಗ್‌ಬುಕ್ಕಿನಲ್ಲಿ ದಾಖಲಿಸಿ ಸಹಿ ಹಾಕಿದೆ. ಅದೇ ವಿದ್ಯಾರ್ಥಿ ಹಾರಿ ಬಂದು, ಟವರ್ ಚೆನ್ನಾಗಿ ಕೇಳಿಸಿತು, ಆದರೆ ಈಗ ಇನ್ನೊಂದು ಸಣ್ಣ ಸಿಳ್ಳೆ ಕೇಳಿಸುತ್ತಿದೆ ಎಂದ. ಅದು ಸ್ಟ್ರೋಬ್. ಗರಗರದ ಅಡಿಯಲ್ಲಿ ಇಷ್ಟು ದಿನ ಮುಚ್ಚಿಹೋಗಿತ್ತು. ರೆಕ್ಕೆಯ ತುದಿಯ ಪವರ್ ಸಪ್ಲೈ ಬಿಚ್ಚಿ ಅದರ ಗ್ರೌಂಡ್ ನೋಡುವ ಕೆಲಸವನ್ನು ಮುಂದಿನ 100 ಗಂಟೆಯ ತಪಾಸಣೆಗೆ ಬರೆದಿಟ್ಟಿದ್ದೇನೆ.