ಮೋಟು ಅಲ್ನಾ ಎಳೆದು ಉದ್ದ ಮಾಡಿದ್ದು: ನನ್ನ ಅನುಭವ

"ಗಂಟು ಕೆತ್ತಿ ಕಳಿಸು, ಮಣಿಕಟ್ಟು ವಾರೆ ಇದ್ದರೆ ಇರಲಿ, ಬೆಳವಣಿಗೆ ನಿಂತ ಮೇಲೆ ನೋಡಿದರಾಯ್ತು." ಮಲ್ಟಿಪಲ್ ಎಕ್ಸೊಸ್ಟೋಸಿಸ್ (ಮೂಳೆಗಳ ಮೇಲೆ ಅಲ್ಲಲ್ಲಿ ಮೂಳೆಯದೇ ಗಂಟು ಬೆಳೆಯುವ, ವಂಶದಲ್ಲಿ ಬರುವ ಕಾಯಿಲೆ) ಇರುವ ಮಕ್ಕಳ ಮುಂಗೈ ಬಗ್ಗೆ ದಾವಣಗೆರೆಯಲ್ಲಿ ನಮ್ಮ ಮೂಳೆ ಡಾಕ್ಟರುಗಳೇ ಹಲವರು ಇವತ್ತಿಗೂ ಆಡುವ ಮಾತಿದು. ಅಲ್ನಾ (ಮುಂಗೈಯ ಕಿರುಬೆರಳ ಕಡೆಯ ಮೂಳೆ) ಉದ್ದ ಮಾಡೋದು ಬೆಂಗಳೂರಿನ ಕೆಲಸ, ಕೈ ಸುತ್ತ ರಿಂಗ್ ಚೌಕಟ್ಟು ಇಲ್ಲದೆ ಆಗೋದಿಲ್ಲ, ಹಳ್ಳಿ ಮನೆಯವರ ಕೈಲಿ ನಟ್ಟು ತಿರುಗಿಸೋದು ಸಾಧ್ಯವಿಲ್ಲ ಅಂತ ಮೂರು ತಕರಾರು. ಮೂರೂ ನಿಲ್ಲಲಿಲ್ಲ. ನಮ್ಮ ದೇಶದಲ್ಲೇ ಮಾಡಿದ ಸಾದಾ ರೈಲ್ ಫಿಕ್ಸೇಟರ್ (ಕತ್ತರಿಸಿದ ಮೂಳೆಗೆ ಪಿನ್ನು ಹಾಕಿ, ಚರ್ಮದ ಹೊರಗಿನ ಸರಳಿನಲ್ಲಿ ನಟ್ಟು ತಿರುಗಿಸಿ ಎರಡು ತುಂಡನ್ನು ನಿಧಾನವಾಗಿ ದೂರ ಸರಿಸುವ ಸಾಧನ; ಸಂದಿನಲ್ಲಿ ಹೊಸ ಮೂಳೆ ತುಂಬುತ್ತೆ), ನಾಲ್ಕು ಪಿನ್ನು, ದಿನಕ್ಕೆ ಮುಕ್ಕಾಲು ಮಿಲಿಮೀಟರ್. ಇಲ್ಲಿಯವರೆಗೆ ಹದಿನಾಲ್ಕೋ ಹದಿನೈದೋ ಕೈ ಆಗಿರಬೇಕು. ಮೊದಲ ನಾಲ್ಕು ಹೇಳಿಕೊಳ್ಳುವ ಹಾಗಿಲ್ಲ. ಅವುಗಳಿಂದಲೇ ಕಲಿತದ್ದು ಜಾಸ್ತಿ, ಹಾಗಾಗಿ ಅವುಗಳನ್ನೇ ಹೆಚ್ಚು ಬರೆದಿದ್ದೇನೆ.

ಕಾಯಿಲೆಯ ಪಾಠ ಬೇಡ. ಅಲ್ನಾದ ಉದ್ದದಲ್ಲಿ ನೂರಕ್ಕೆ ಎಂಬತ್ತರಷ್ಟು ಬರೋದು ಮಣಿಕಟ್ಟಿನ ಕಡೆಯ ಬೆಳೆಯುವ ಪದರ, ಅಂದರೆ ಫೈಸಿಸ್‌ನಿಂದ. ಅದು ಮೊದಲೇ ಚಿಕ್ಕದು, ಗಂಟು ಅಲ್ಲಿ ಕೂತರೆ ಮುಗೀತು. ಹೆಬ್ಬೆರಳ ಕಡೆಯ ಮೂಳೆ ರೇಡಿಯಸ್ ಮಾತ್ರ ಬೆಳೀತಾ ಹೋಗಿ ಬಿಲ್ಲಿನ ಹಾಗೆ ಬಾಗುತ್ತೆ, ಕೊನೆಗೆ ಮೊಣಕೈಯಲ್ಲಿ ರೇಡಿಯಸ್ ತಲೆ ಹೊರಗೆ ಜಾರುತ್ತೆ. ನಾನು ಕೈ ಹಾಕೋದು ಅಲ್ನಾ ಒಂದೂವರೆ ಸೆಂ.ಮೀ.ಗಿಂತ ಮೋಟಾಗಿ, ಆರು ತಿಂಗಳ ಅಂತರದ ಎರಡು ಎಕ್ಸ್‌ರೇಗಳಲ್ಲಿ ಅದು ಹೆಚ್ಚುತ್ತಿದ್ದರೆ. ಜೊತೆಗೆ ರೇಡಿಯಲ್ ಆರ್ಟಿಕ್ಯುಲರ್ ಆಂಗಲ್ (ರೇಡಿಯಸ್ಸಿನ ಮಣಿಕಟ್ಟು ಕಡೆಯ ಮುಖದ ಓರೆ) 30 ಡಿಗ್ರಿ ದಾಟಿರಬೇಕು, ಇಲ್ಲವೇ ಮಣಿಕಟ್ಟಿನ ಸಣ್ಣ ಮೂಳೆ ಲೂನೇಟ್ ಅರ್ಧಕ್ಕೂ ಹೆಚ್ಚು ಅಲ್ನಾ ಕಡೆ ಸರಿದಿರಬೇಕು. ಈ ಮುಂಗೈ ವಿಕಾರಗಳನ್ನು ಮೂರು ಟೈಪ್ ಮಾಡುವ ಮಸಾಡ ವರ್ಗೀಕರಣದ ಮೂರನೇ ಟೈಪಿನಲ್ಲಿ ಮೋಟಾಗೋದು ರೇಡಿಯಸ್ಸು. ಅಲ್ಲಿ ಅಲ್ನಾ ಎಳೆಯೋದು ತಲೆಕೆಟ್ಟ ಕೆಲಸ.

ಮೊದಲೆರಡು ಕೈಯಲ್ಲಿ ಒಂದೇ ಏಟಿಗೆ ಮುಗಿಸುವ ಆಸೆ ಇತ್ತು. ಅಲ್ನಾವನ್ನು ಜ಼ೆಡ್ ಆಕಾರದಲ್ಲಿ ಕತ್ತರಿಸಿ, ಟೇಬಲ್ ಮೇಲೇ ಎಳೆದು, ಸೊಂಟದ ಮೂಳೆ ತುಂಬಿ, ಪ್ಲೇಟ್ ಹಾಕಿದ್ದು. ಹನ್ನೆರಡು ಮಿ.ಮೀ.ವರೆಗೆ ಸಲೀಸು. ಹದಿನೆಂಟಕ್ಕೆ ಎಳೆದ ಕೈಯಲ್ಲಿ ಬೆರಳು ಬಿಗಿದುಕೊಂಡವು, ತುಂಬಿದ ಮೂಳೆ (ಗ್ರಾಫ್ಟ್) ಕೂಡಲಿಲ್ಲ, ಪ್ಲೇಟ್ ಸಡಿಲವಾಯ್ತು. ಮಗುವಿಗೆ ಎರಡು ಆಪರೇಷನ್, ಮನೆಯವರಿಗೆ ಎರಡರಷ್ಟು ಖರ್ಚು. ಅಲ್ಲಿಂದ ನಿಧಾನವಾಗಿ ಎಳೆಯೋದಕ್ಕೇ ಬಂದೆ.

ಪಿನ್ನಿನ ವಿಷಯಕ್ಕೆ ಬರೋಣ. ಈ ಮಕ್ಕಳ ಅಲ್ನಾ ಕೆಳಗೆ ಹೋದಂತೆ ಗಜ್ಜರಿ ಬಾಲದ ಹಾಗೆ ಚೂಪಾಗುತ್ತೆ. ಪಿನ್ನು ಮೂಳೆಯ ದಪ್ಪದ ಮೂರನೇ ಒಂದು ಪಾಲು ಮೀರಬಾರದು. ಹತ್ತು ವರ್ಷದೊಳಗೆ 2.5, ಮೇಲೆ 3 ಮಿ.ಮೀ. ದೊಡ್ಡವರ ಟ್ರೇಯಲ್ಲಿದ್ದ 3.5 ಪಿನ್ನು ಹಾಕಿ ಒಂದು ಅಲ್ನಾ ಪಿನ್ನಿನ ತೂತಿನಲ್ಲೇ ಮುರಿದಿದ್ದು ಕಂಡಿದ್ದೇನೆ. ಕೆಳಗಿನ ಪಿನ್ನು ಫೈಸಿಸ್‌ನಿಂದ ಎರಡು ಸೆಂ.ಮೀ. ದೂರ ಇರಲಿ. ಅಲ್ನಾದ ಅಂಚು ಚರ್ಮದ ಕೆಳಗೇ ಸಿಗೋದರಿಂದ ಅಲ್ಲಿಂದಲೇ ಒಳಗೆ ಬಿಡಿ, ಆಚೆ ಕಾರ್ಟೆಕ್ಸ್ (ಮೂಳೆಯ ಗಟ್ಟಿ ಹೊರಗೋಡೆ) ದಾಟಿ ಪಿನ್ನಿನ ಸ್ಕ್ರೂ ಎಳೆ ಒಂದೆರಡು ಸಾಕು. ಡ್ರಿಲ್ ನಿಧಾನ, ತಣ್ಣನೆ ಸಲೈನ್ ಸುರಿಯುತ್ತಾ ಇರಬೇಕು. ಸುಟ್ಟ ಮೂಳೆಯಲ್ಲಿ ಪಿನ್ನು ಮೂರು ವಾರಕ್ಕೇ ಅಲುಗಾಡುತ್ತೆ.

ಮೂಳೆಯ ಕೊಯ್ತ ಅಲ್ನಾದ ಮೊಣಕೈ ಕಡೆಯ ಮೂತಿ ಕೊರೊನಾಯ್ಡ್‌ನಿಂದ ಸ್ವಲ್ಪ ಕೆಳಗೆ, ಮೇಲಿನ ಮೂರನೇ ಭಾಗದಲ್ಲಿ. ಎರಡು ಕಾರಣ. ಅಲ್ಲಿ ಮೂಳೆ ಬೇಗ ತುಂಬುತ್ತೆ. ಇಂಟರ್‌ಆಸಿಯಸ್ ಪೊರೆಯ (ಎರಡೂ ಮೂಳೆಯನ್ನು ಜೋಡಿಸುವ ಪೊರೆ) ಗಟ್ಟಿ ಭಾಗ ಕೊಯ್ತದಿಂದ ಕೆಳಗೆ ಉಳಿಯೋದರಿಂದ, ಅಲ್ನಾ ಇಳಿದಂತೆ ರೇಡಿಯಸ್ಸನ್ನೂ ಜೊತೆಗೆ ಎಳೆಯುತ್ತೆ. ಮೂಳೆ ಹೊದಿಕೆ ಪೆರಿಯಾಸ್ಟಿಯಂ ಉದ್ದಕ್ಕೆ ಸೀಳಿ, 1.8 ಮಿ.ಮೀ. ಕೆ-ವೈರಿನಿಂದ (ಚೂಪು ತುದಿಯ ಸ್ಟೀಲ್ ತಂತಿ) ಐದಾರು ತೂತು, ಉಳಿದದ್ದು ಸಣ್ಣ ಆಸ್ಟಿಯೋಟೋಮ್, ಅಂದರೆ ಮೂಳೆ ಉಳಿ. ಗರಗಸ ಮುಟ್ಟಬೇಡಿ. ಮುಗಿದ ಮೇಲೆ ರೈಲನ್ನು ಎರಡು ಮಿ.ಮೀ. ತೆರೆದು, ಥಿಯೇಟರಿನ ಎಕ್ಸ್‌ರೇ ಯಂತ್ರ ಸಿ-ಆರ್ಮ್‌ನಲ್ಲಿ ಸಂದು ಕಂಡರೆ ಮಾತ್ರ ಮುಚ್ಚಿ ಹೊರಗೆ ಬನ್ನಿ. ಮೂರನೇ ಕೈಯಲ್ಲಿ ಆಚೆ ಕಾರ್ಟೆಕ್ಸ್ ಅರ್ಧ ಉಳಿದಿತ್ತು. ಹತ್ತು ದಿನ ತಿರುಗಿಸಿದರೂ ಪಿನ್ನು ಬಾಗಿತೇ ಹೊರತು ಮೂಳೆ ಬಿಡಲಿಲ್ಲ.

ಒಂದೇ ಕಡೆಯ ರೈಲಿನ ದೊಡ್ಡ ಕಾಟ ವಾರೆಯಾಗೋದು. ರೈಲಿನ ಕಡೆ ಸಂದು ಅಗಲವಾಗಿ ತೆರೆಯುತ್ತೆ, ಆಚೆ ಕಡೆ ಹಿಂದೆ ಬೀಳುತ್ತೆ. ಇದಕ್ಕೆ ಪಿನ್ ಕ್ಲಾಂಪ್ ಬಿಗಿಯುವಾಗಲೇ ಎದುರು ದಿಕ್ಕಿಗೆ ಒಂದಿಷ್ಟು ವಾಲಿಸುತ್ತೇನೆ. ಎಷ್ಟು ಅನ್ನೋದು ಬರೆಯೋದಿಲ್ಲ. ಡಿಗ್ರಿ ಲೆಕ್ಕ ಓದಿ ಮಾಡಿದವರು ಕೆಡಿಸಿಕೊಂಡಿದ್ದಾರೆ, ಥಿಯೇಟರಿಗೆ ಬಂದು ಕೈ ನೋಡಿ ಕಲಿಯಬೇಕು. ಮೊಣಕೈಯ ಹಿಂದಿನ ಮೂಳೆತುದಿ ಒಲೆಕ್ರೆನಾನ್ ಮೂಲಕ ಒಳಗೊಂದು ಕೆ-ವೈರ್ ಬಿಟ್ಟು ಅದರ ಮೇಲೆ ಉದ್ದ ಮಾಡುವ ಪ್ರಯೋಗವನ್ನೂ ಮಾಡಿದೆ. ಮೂಳೆ ನೆಟ್ಟಗೆ ಬಂತು, ನಿಜ. ಆದರೆ ಸಣ್ಣ ಮಕ್ಕಳ ಅಲ್ನಾದಲ್ಲಿ ವೈರಿಗೂ ಪಿನ್ನಿಗೂ ಒಟ್ಟಿಗೆ ಜಾಗವಿಲ್ಲ, ಪಿನ್ನಿನ ಕೀವು ವೈರ್ ಹಿಡಿದು ಒಳಗಿಳಿದರೆ ಗತಿಯಿಲ್ಲ. ಹತ್ತು ವರ್ಷದ ಕೆಳಗೆ ಬಿಟ್ಟುಬಿಟ್ಟೆ.

ಆರು ದಿನ ಬಿಟ್ಟು ತಿರುಗಿಸಲು ಶುರು. ಪುಸ್ತಕದ ಪ್ರಕಾರ ದಿನಕ್ಕೆ ಒಂದು ಮಿ.ಮೀ., ನಾಲ್ಕು ಕಾಲು ಸುತ್ತು. ಕಾಲಿನ ಮೂಳೆಗೆ ಸರಿ, ಅಲ್ನಾಕ್ಕೆ ಜಾಸ್ತಿ. ನಾಲ್ಕನೇ ಕೈಯಲ್ಲಿ ಸಂದಿನಲ್ಲಿ ತುಂಬುವ ಹೊಸ ಮೂಳೆ (ರೀಜನರೇಟ್) ನಡುವೆ ಸೊಂಟ ಕಟ್ಟಿದ ಹಾಗೆ ಸಣ್ಣಗಾಯ್ತು. ವಾರ ನಿಲ್ಲಿಸಿ, ಐದು ಮಿ.ಮೀ. ಹಿಂದೆ ಒತ್ತಿ, ಮತ್ತೆ ಅರ್ಧ ಮಿ.ಮೀ.ನಂತೆ ಎಳೆದು ಹೇಗೋ ದಡ ಸೇರಿಸಿದೆ. ಈಗ ಎಲ್ಲರಿಗೂ ಮೂರೇ ಕಾಲು ಸುತ್ತು: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು.

ತಿರುಗಿಸೋದು ತಾಯಂದಿರು. ಒಂದು ಮನೆಯಲ್ಲಿ ಉಲ್ಟಾ ತಿರುಗಿಸಿ ಮೊದಲ ವಾರ ಹಾಳಾಯ್ತು. ತಪ್ಪು ನನ್ನದು, ಬಾಯಿಮಾತಲ್ಲಿ ಹೇಳಿ ಕಳಿಸಿದ್ದೆ. ಈಗ ನಟ್ಟಿನ ನಾಲ್ಕು ಮುಖಕ್ಕೆ ನಾಲ್ಕು ಬಣ್ಣದ ಉಗುರುಬಣ್ಣದ ಚುಕ್ಕಿ. ಕೆಂಪು ಮೇಲಿದ್ದರೆ ಮುಂದಿನದು ಹಸಿರು, ಅಷ್ಟೇ. ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಕ್ಕೆ ಮೂರು ಗೀಟು. ಎರಡು ಕ್ಲಾಂಪಿನ ನಡುವಿನ ಅಂತರವನ್ನು ಹಾರ್ಡ್‌ವೇರ್ ಅಂಗಡಿಯ ವರ್ನಿಯರ್‌ನಲ್ಲಿ ಅಳೆದು ವಾಟ್ಸಾಪ್ ಮಾಡುತ್ತಾರೆ. ಎಕ್ಸ್‌ರೇ ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿಸಿ ನೋಡಿದೆ. ಚಲಾವಣೆಯಲ್ಲಿರುವ ಒಂದು ರೂಪಾಯಿಗಳೇ ಬೇರೆ ಬೇರೆ ಗಾತ್ರದವು, ಲೆಕ್ಕವೆಲ್ಲ ಕೆಟ್ಟಿತು. ಪಿನ್ನಿನ 3 ಮಿ.ಮೀ. ದಪ್ಪವೇ ಅಲ್ಲಿರುವಾಗ ಬೇರೆ ಅಳತೆಗೋಲು ಯಾಕೆ ಬೇಕಿತ್ತೋ.

ಎಷ್ಟು ಎಳೆಯಬೇಕು? ಮಗು ಇನ್ನೂ ಬೆಳೆಯೋದಿದ್ದರೆ ಅಲ್ನಾ ಮತ್ತೆ ಹಿಂದೆ ಬೀಳೋದು ಗ್ಯಾರಂಟಿ. ರೇಡಿಯಸ್‌ಗಿಂತ ಐದು ಮಿ.ಮೀ. ಮುಂದೆ ಬಿಡುತ್ತೇನೆ, ಎಂಟು ವರ್ಷದ ಒಳಗಿನವರಿಗೆ ಇನ್ನೂ ತುಸು ಹೆಚ್ಚು. ಮೂರು ಸೆಂ.ಮೀ.ಗೆ ರೈಲು ಒಟ್ಟು ನಾಲ್ಕು ತಿಂಗಳ ಆಸುಪಾಸು. ಎಕ್ಸ್‌ರೇಯಲ್ಲಿ ಹೊಸ ಮೂಳೆಗೆ ಮೂರು ಕಡೆ ಕಾರ್ಟೆಕ್ಸ್ ಕಾಣದೆ ರೈಲು ತೆಗೆಯಬೇಡಿ. ಅವಸರಪಟ್ಟು ತೆಗೆದ ಒಂದು ಕೈ ಹದಿನೈದೇ ದಿನದಲ್ಲಿ ಮುರೀತು. ತೆಗೆದ ಮೇಲೂ ಆರು ವಾರ ಪ್ಲಾಸ್ಟರ್ ಸ್ಲ್ಯಾಬ್.

ರೇಡಿಯಸ್ ತಲೆ ಜಾರಿರುವ, ಆದರೆ ಅದರ ಮೇಲ್ತುದಿಯಲ್ಲಿ ಗಂಟಿಲ್ಲದ ಮಸಾಡ ಎರಡನೇ ಟೈಪಿನ 'ಬಿ'ಯಲ್ಲೇ ನನ್ನನ್ನು ಹೆಚ್ಚು ಜನ ನಂಬಲಿಲ್ಲ. ಕೆಳಗೆ ರೇಡಿಯಸ್ಸಿಗೂ ಅಲ್ನಾಕ್ಕೂ ಅಡ್ಡ ಒಂದು ಕೆ-ವೈರ್ ಹಾಕಿ ಎಳೆದರೆ ಎರಡೂ ಜೊತೆಗೆ ಇಳಿಯುತ್ತವೆ. ತಲೆ ಮೊಣಕೈಯಲ್ಲಿ ತಾನು ಕೂರಬೇಕಾದ ಕ್ಯಾಪಿಟೆಲ್ಲಮ್ ಮಟ್ಟಕ್ಕೆ ಬಂದ ದಿನ ವೈರ್ ತೆಗೆದು ಅಲ್ನಾ ಒಂದನ್ನೇ ಮುಂದುವರಿಸಬೇಕು. ಜಾರಿ ಹೆಚ್ಚು ಕಾಲವಾಗದ ಚಿಕ್ಕ ಮಕ್ಕಳಲ್ಲಿ ತೆರೆಯದೆಯೇ ಕೂತಿವೆ, ಮೂರು ಕೈ ತೋರಿಸಬಲ್ಲೆ. ತಲೆ ಗುಮ್ಮಟವಾಗಿರುವ ದೊಡ್ಡ ಮಕ್ಕಳಲ್ಲಿ ಕೂರೋದಿಲ್ಲ. ಮೇಲ್ತುದಿಯಲ್ಲಿ ಗಂಟಿರುವ 'ಎ'ಯಲ್ಲಿ ಮೊದಲು ರೇಡಿಯಸ್ ಕುತ್ತಿಗೆಯ ಗಂಟು ತೆಗೆಯಬೇಕು, ಪೋಸ್ಟೀರಿಯರ್ ಇಂಟರ್‌ಆಸಿಯಸ್ ನರವನ್ನು ಕಣ್ಣಾರೆ ಕಂಡೇ. ಯಾವ ಟೈಪಾದರೂ ಅಂಗೈ ತಿರುಗಿಸೋದು ಹೆಚ್ಚೇನೂ ಸುಧಾರಿಸೋದಿಲ್ಲ. ಮಣಿಕಟ್ಟು ನೆಟ್ಟಗಾಗುತ್ತೆ, ಮೊಣಕೈ ಉಳಿಯುತ್ತೆ. ಮನೆಯವರಿಗೆ ಮೊದಲೇ ಹೀಗೇ ಹೇಳಿ.

ದುಡ್ಡಿನ ಲೆಕ್ಕ. ನಮ್ಮ ಕಡೆ ಸಿಗುವ ರೈಲು ಹನ್ನೆರಡು ಸಾವಿರದ ಹತ್ತಿರ, ಹೊರದೇಶದ್ದು ಅದರ ಎಷ್ಟೋ ಪಟ್ಟು. ರೈಲನ್ನು ತೊಳೆದು, ಎಳೆ ಸವೆದಿದೆಯೇ ನೋಡಿ, ಸ್ಟೆರಿಲೈಸ್ ಮಾಡಿ ಮತ್ತೆ ಬಳಸುತ್ತೇನೆ. ಪಿನ್ನು ಮಾತ್ರ ಪ್ರತಿ ಸಲ ಹೊಸದು. ಆರೋಗ್ಯ ಕಾರ್ಡಿದ್ದರೂ ಮೊಳಕಾಲ್ಮುರಿನಿಂದ ಬರುವ ಬಸ್ ಚಾರ್ಜು, ಕಳೆದ ಕೂಲಿ ಯಾರೂ ಕೊಡೋದಿಲ್ಲ. ವಾರಕ್ಕೊಮ್ಮೆ ಬನ್ನಿ ಅಂದರೆ ಮೂರನೇ ವಾರಕ್ಕೆ ಬರೋದೇ ನಿಲ್ಲುತ್ತೆ. ಹದಿನೈದು ದಿನಕ್ಕೊಮ್ಮೆ, ಎಕ್ಸ್‌ರೇ ತಾಲ್ಲೂಕಿನಲ್ಲೇ.

ಪಿನ್ನಿನ ಬುಡಕ್ಕೆ ಕುದಿಸಿ ಆರಿಸಿದ ಉಪ್ಪುನೀರು, ಒಣ ಗಾಜ್, ಮತ್ತೇನೂ ಇಲ್ಲ. ಅರಿಶಿನ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಮೆಕ್ಕೆಜೋಳ ಬಿಡಿಸುವ ಕಾಲದಲ್ಲಿ ದೂಳು ಹೊಕ್ಕು ಕೀವಾಗುತ್ತೆ, ಹಳೇ ಬನಿಯನ್ ತೋಳಿನಿಂದ ಗವಸು ಹೊಲಿಸಿ. ಬೇಸಿಗೆ ರಜೆಯಲ್ಲಿ ಮಾಡಿ ಅಂತ ಎಲ್ಲರೂ ಕೇಳ್ತಾರೆ. ಏಪ್ರಿಲ್ ಬೆವರಿನಲ್ಲಿ ಕೀವಿಗೆ ಸೆಫಲೆಕ್ಸಿನ್ ಬರೆದು ಬರೆದು ಸಾಕಾಗಿ, ಈಗ ದಸರಾ ಕಳೆದ ಮೇಲೇ ಶುರು.

ರೈಲು ತೆಗೆಯುವ ದಿನ ಒಡಹುಟ್ಟಿದವರನ್ನೂ ಕರೆಸಿ, ಮಂಡಿ, ಮಣಿಕಟ್ಟು ಮುಟ್ಟಿ ನೋಡಿ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹೊಳಲ್ಕೆರೆ ಕಡೆಯ ಒಂದು ಮನೆಯಲ್ಲಿ ಅಣ್ಣನಿಗೆ ಹಾಕಿದ್ದ ರೈಲೇ ಈಗ ತಂಗಿಯ ಕೈಯಲ್ಲಿದೆ, ಮೋಟು ಇದ್ದದ್ದು 16 ಮಿ.ಮೀ. ಅಡ್ಮಿಟ್ ಆಗಲು ಬಂದಾಗ ಅವರಮ್ಮನ ಚೀಲದಲ್ಲಿ ನಾಲ್ಕು ಉಗುರುಬಣ್ಣದ ಸೀಸೆ ಇದ್ದವು.