ಹತ್ತು ಗಂಟೆಯ ಹಿಮ

ಮೇಷ್ಟರಿಗೆ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಹಿಮಾಲಯದ ಎತ್ತರದ ಪಾಸ್‌ಗಳಲ್ಲಿ, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿಗಳಲ್ಲಿ, ಹಿಮ ಕರಗಿ ಕಾಲುದಾರಿ ಕಾಣಿಸುವುದು ಜೂನ್ ಅರ್ಧ ಕಳೆದ ಮೇಲೆ. ಅಷ್ಟು ಹೊತ್ತಿಗೆ ನಾನು ಮಧುಗಿರಿಯಲ್ಲಿ ಎಂಟನೇ ತರಗತಿಗೆ ಸೇತುಬಂಧ ಪಾಠ ಮಾಡುತ್ತಿರುತ್ತೇನೆ. ಹೀಗಾಗಿ ಹಿಮಾಚಲದ ಮನಾಲಿ ಬಳಿಯ ಹಾಂಪ್ಟಾ ಪಾಸ್ ನೋಡುವ ಆಸೆಯಿದ್ದರೆ ಮೇ ಮೂರನೇ ವಾರದಲ್ಲೇ ಹೋಗಬೇಕಿತ್ತು. ಹಿಮವಿದ್ದರೆ ಇರಲಿ ಎಂದುಕೊಂಡೆ. ಹಿಮವನ್ನು ಅದುವರೆಗೆ ಕಣ್ಣಾರೆ ಕಂಡವನಲ್ಲವಾದ್ದರಿಂದ ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಏಪ್ರಿಲ್ ಪೂರ್ತಿ ವಾರಕ್ಕೆ ಮೂರು ದಿನ ಬೆನ್ನಚೀಲದಲ್ಲಿ ಹನ್ನೆರಡು ಕಿಲೋ ರಾಗಿ ತುಂಬಿಕೊಂಡು ನಮ್ಮ ಏಕಶಿಲಾ ಬೆಟ್ಟ ಹತ್ತಿದೆ. ಬೆಳಗಿನ ಐದಕ್ಕೆ ಹೊರಟರೆ ಎಂಟೂವರೆಯೊಳಗೆ ಕೆಳಗಿರಬೇಕು. ಆಮೇಲೆ ಬಂಡೆ ಕಾದ ಹೆಂಚು. ಕಡಿದಾದ ಜಾಗದಲ್ಲಿ ಕಂಬಿ ಹಿಡಿದರೆ ಅಂಗೈ ಚುರುಕ್ಕೆನ್ನುತ್ತದೆ. ಕಾಲುಗಳೇನೋ ಗಟ್ಟಿಯಾದವು. ಉಸಿರಿನ ಮಾತು ಬೇರೆ. ನಮ್ಮ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್, ಹಾಂಪ್ಟಾ 4,270 ಮೀಟರ್. ಆ ಎತ್ತರಕ್ಕೆ ಊರಿನಲ್ಲಿ ಕುಳಿತು ತಯಾರಾಗಲು ಬರುವುದಿಲ್ಲ. ಅಲ್ಲಿಗೇ ಹೋಗಿ, ರಾತ್ರಿ ತಂಗುವ ಜಾಗವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಮೇಲಕ್ಕೆ ಒಯ್ಯಬೇಕು. ಅದಕ್ಕೇ ಮನಾಲಿಯಲ್ಲಿ ಎರಡು ದಿನ ಸುಮ್ಮನೆ ಅಡ್ಡಾಡಿದೆವು.

ಜೊತೆಗಿದ್ದವನು ನನ್ನ ಹೆಂಡತಿಯ ತಮ್ಮ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು, ಹಾಗಾಗಿ ಚೀಲದಲ್ಲಿ ಕೊಬ್ಬರಿಗೆ ಬರವಿರಲಿಲ್ಲ. ರಾಗಿ ಹುರಿಹಿಟ್ಟು, ಬೆಲ್ಲ, ಹುರಿದ ಕಡಲೆಕಾಯಿ, ಚಟ್ನಿಪುಡಿ ನನ್ನ ಪಾಲು. ಅಕ್ಕಿಯನ್ನೂ ಒಯ್ದದ್ದು ನಮ್ಮ ತಪ್ಪು. 3,700 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದು ಕಾಣುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಅರ್ಧ ಡಬ್ಬಿ ಗ್ಯಾಸ್ ಸುಟ್ಟ ಮೇಲೆ ನಡುವೆ ಕಾಳು ಉಳಿದ ಅನ್ನ ತಿಂದೆವು. ಹುರಿಹಿಟ್ಟಿಗೆ ಬಿಸಿನೀರು ಸಾಕು, ಅದೂ ಇಲ್ಲದಿದ್ದರೆ ತಣ್ಣೀರು. ಇನ್ನೊಮ್ಮೆ ಹೋಗುವುದಾದರೆ ಅದನ್ನೇ ಎರಡರಷ್ಟು ಒಯ್ಯುತ್ತೇನೆ. ತಲೆಗೆಂದು ತಂದಿದ್ದ ಕೊಬ್ಬರಿ ಎಣ್ಣೆ ಮನಾಲಿಯಲ್ಲೇ ಕಲ್ಲಾಯಿತು. ವಾಪಸು ಬರುವವರೆಗೆ ಬಾಟಲಿಯ ಬಾಯಿಂದ ಒಂದು ಹನಿ ಹೊರಬರಲಿಲ್ಲ.

ಒಂದು ಅಂಗಡಿಯಲ್ಲಿ ಬೂಟು, ಹಿಮ ಒಳನುಗ್ಗದಂತೆ ಕಣಕಾಲಿಗೆ ಸುತ್ತುವ ಗೇಟರ್, ಬೂಟಿಗೆ ಕಟ್ಟುವ ಉಕ್ಕಿನ ಹಲ್ಲುಗಳ ಮೈಕ್ರೋಸ್ಪೈಕ್ ಬಾಡಿಗೆಗೆ ಪಡೆದೆವು. ನನ್ನ ಬಲಗಾಲಿನ ಬೂಟಿನ ಹೊಲಿಗೆ ಬಿಟ್ಟಿದ್ದನ್ನು ಅಂಗಡಿಯವನು ಹೇಳಲಿಲ್ಲ, ನಾನೂ ಬಗ್ಗಿ ನೋಡಲಿಲ್ಲ. ಗೈಡ್ ಒಬ್ಬನನ್ನು ಗೊತ್ತುಮಾಡಿಕೊಂಡೆವು. ಹಿಮ ಮುಚ್ಚಿದ ದಾರಿಯಲ್ಲಿ ಅವನಿಲ್ಲದೆ ಹೋಗುವ ಮಾತೇ ಇರಲಿಲ್ಲ. ಪಾಸ್ ದಾಟಿ ಆಚೆ ಲಾಹೌಲ್ ಕಣಿವೆಯ ಛತ್ರುವಿಗೆ ಇಳಿಯುವುದು ಸಾಮಾನ್ಯ ಪದ್ಧತಿ. ಆದರೆ ಆಚೆ ಕಡೆಯ ರಸ್ತೆ ಇನ್ನೂ ತೆರೆದಿರಲಿಲ್ಲ. ಆದ್ದರಿಂದ ಪಾಸ್ ಮುಟ್ಟಿ ಬಂದ ದಾರಿಯಲ್ಲೇ ಹಿಂದಿರುಗುವುದು ಎಂದು ತೀರ್ಮಾನವಾಯಿತು.

ಜೋಬ್ರಾದಿಂದ ಚಿಕಾ, ಚಿಕಾದಿಂದ ಬಾಲು ಕಾ ಘೇರಾ. ಮೊದಲ ದಿನ ಭೂರ್ಜದ ಮರಗಳು, ನೀರಿನ ಸದ್ದು, ಅಲ್ಲಲ್ಲಿ ಹಿಮದ ತೇಪೆ. ಎರಡನೆಯ ದಿನ ತೇಪೆಗಳೆಲ್ಲ ಸೇರಿ ಒಂದೇ ಹಾಸಾದವು. ಬಾಲು ಎಂದರೆ ಮರಳು. ಆ ಬಯಲಿನಲ್ಲಿ ನಮಗೆ ಮರಳಿನ ಒಂದು ಕಣವೂ ಕಾಣಲಿಲ್ಲ. ಹಿಮ ತುಳಿದು ಸಮ ಮಾಡಿ ಡೇರೆ ಹಾಕಿದೆವು.

ಪಾಸ್‌ಗೆ ಹೋಗಲು ರಾತ್ರಿ ಎರಡಕ್ಕೆ ಏಳಬೇಕು ಎಂದ ಗೈಡ್. ನಾವು ಸಂತೆಯಲ್ಲಿ ಬದನೆಕಾಯಿಗೆ ಮಾಡುವ ಹಾಗೆ ಚೌಕಾಸಿ ಮಾಡಿದೆವು: ಹೊರಗೆ ಮೈ ಕೊರೆಯುವ ಚಳಿ, ಬೆಳಕಾಗಲಿ, ಚಹಾ ಕುಡಿದು ಹೊರಡೋಣ. ಮಾಸ್ಟರ್‌ಜಿ ಹಟಕ್ಕೆ ಅವನು ಸುಮ್ಮನಾದ. ಬೆಳಿಗ್ಗೆ ಗ್ಯಾಸ್ ಹೊತ್ತಿಕೊಳ್ಳಲಿಲ್ಲ. ಡಬ್ಬಿಯನ್ನು ಹೊರಗೇ ಬಿಟ್ಟಿದ್ದೆವು. ಅದರೊಳಗಿನ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಸರಿಯಾಗಿ ಆವಿಯಾಗುವುದಿಲ್ಲ. ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ ಚಹಾ ಕಾಯಿಸುವಷ್ಟರಲ್ಲಿ ಆರೂವರೆ.

ಒಂಬತ್ತರವರೆಗೆ ಎಲ್ಲ ಚೆನ್ನಾಗಿತ್ತು. ಒಂಬತ್ತೂವರೆಗೆ ಪಾದ ಮುಳುಗಿತು, ಆಮೇಲೆ ಮೊಣಕಾಲು. ಹತ್ತಕ್ಕೆ ಒಂದು ಕಾಲು ತೊಡೆಯವರೆಗೆ ಒಳಗೆ, ಇನ್ನೊಂದು ಮೇಲೆ, ಬೆನ್ನಚೀಲ ಕುತ್ತಿಗೆಯ ಮೇಲೆ ಬಂದು ಮುಖ ಹಿಮದಲ್ಲಿ. ಎಳೆದುಕೊಂಡು ಎದ್ದು ಇನ್ನೊಂದು ಹೆಜ್ಜೆ ಇಟ್ಟರೆ ಮತ್ತೆ ಅದೇ. ದಣಿದು ಒರಗಲೆಂದು ಬಂಡೆಯ ಬದಿಗೆ ಹೋದದ್ದು ಇನ್ನೂ ದಡ್ಡತನ. ಬಿಸಿಲಿಗೆ ಕಾದ ಕಲ್ಲು ತನ್ನ ಸುತ್ತಲ ಹಿಮವನ್ನು ಅಡಿಯಿಂದ ಕರಗಿಸಿ ಪೊಳ್ಳು ಮಾಡಿರುತ್ತದೆ. ಸೊಂಟದವರೆಗೆ ಇಳಿದುಬಿಟ್ಟೆ. ಬಿಟ್ಟ ಹೊಲಿಗೆಯಿಂದ ಬೂಟಿನೊಳಗೆ ನೀರು ತುಂಬಿತು. ಒಂದು ಗಂಟೆಯಲ್ಲಿ ನಾವು ನಡೆದದ್ದು ನಮ್ಮ ಶಾಲೆಯ ಆಟದ ಮೈದಾನದಷ್ಟು ದೂರವೂ ಇರಲಿಕ್ಕಿಲ್ಲ.

ಗೈಡ್ ನಿಂತು ಎಡಗಡೆಯ ಇಳಿಜಾರು ತೋರಿಸಿದ. ಮೇಲಿನಿಂದ ನಿಂಬೆಹಣ್ಣಿನಷ್ಟು ಹಿಮದ ಉಂಡೆಗಳು ತಾವಾಗಿಯೇ ಉರುಳಿ, ಉರುಳುತ್ತ ದಪ್ಪವಾಗುತ್ತಿದ್ದವು. ನೋಡಲು ಚೆಂದ. ಮೇಲ್ಪದರ ನೀರು ಕುಡಿದು ಸಡಿಲವಾಗುತ್ತಿದೆ, ಇನ್ನು ಆ ಇಳಿಜಾರಿನ ಕೆಳಗೆ ಹಾಯುವಂತಿಲ್ಲ ಎಂದು ಅವನು ಹೇಳಿ ಹಿಂದಕ್ಕೆ ತಿರುಗಿದ. ನಮ್ಮನ್ನು ಕೇಳಲೂ ಇಲ್ಲ.

ಇಳಿಯುವಾಗ ನನ್ನ ಭಾವಮೈದ, "ಭಾವ, ಮಧುಗಿರಿ ಬೆಟ್ಟಕ್ಕೆ ಐದು ಗಂಟೆಗೆ ಹೊರಡುವವರು ಇಲ್ಲಿ ಆರೂವರೆಗೆ ಹೊರಟಿರಲ್ಲ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಬಂಡೆ ಕಾಯುವ ಮೊದಲು ಇಳಿದುಬಿಡಬೇಕು ಎಂದು ಮಕ್ಕಳಿಗೆ ಪ್ರತಿ ಸಲ ಬುದ್ಧಿ ಹೇಳುವವನು ನಾನೇ.

ಆ ಸಂಜೆ ಅವನ ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ಬೆವರಿಗೆ ಮಸುಕಾಗುತ್ತದೆಂದು ತಂಪು ಕನ್ನಡಕವನ್ನು ಗಂಟೆಗಟ್ಟಲೆ ತಲೆಯ ಮೇಲೆ ಏರಿಸಿಕೊಂಡಿದ್ದ. ಹೊಸ ಹಿಮ ತನ್ನ ಮೇಲೆ ಬೀಳುವ ನೇರಳಾತೀತ ಕಿರಣಗಳಲ್ಲಿ ಶೇ 80ರವರೆಗೂ ಹಿಂದಕ್ಕೆ ಎಸೆಯುತ್ತದೆ. ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ನನಗೆ ಗಲ್ಲದ ಅಡಿ, ಮೂಗಿನ ಹೊಳ್ಳೆಗಳ ಅಂಚು ಸುಟ್ಟಿತ್ತು. ಅಲ್ಲಿಗೆಲ್ಲ ಮುಲಾಮು ಹಚ್ಚಬೇಕೆಂದು ಯಾರಿಗೆ ತೋಚುತ್ತದೆ? ಮರುದಿನವೆಲ್ಲ ಅವನು ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಡೇರೆಯಲ್ಲಿ ಮಲಗಿದ. ನಾನು ಬೂಟಿಗೆ ಪ್ಲಾಸ್ಟಿಕ್ ಚೀಲ ಸುತ್ತುವ ವಿದ್ಯೆ ಕಲಿತೆ. ಗ್ಯಾಸ್ ಡಬ್ಬಿ, ಟಾರ್ಚಿನ ಬ್ಯಾಟರಿ, ಕಾಲುಚೀಲ ಎಲ್ಲವೂ ರಾತ್ರಿ ನನ್ನ ಸ್ಲೀಪಿಂಗ್ ಬ್ಯಾಗಿನೊಳಗೆ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆಂದು ಬಾಟಲಿಯನ್ನು ತಲೆಕೆಳಗಾಗಿ ಇಡಲು ಗೈಡ್ ಹೇಳಿಕೊಟ್ಟ. ಹಾಗಿಟ್ಟರೆ ಮುಚ್ಚಳದ ಕಡೆ ನೀರು ನೀರಾಗಿಯೇ ಉಳಿಯುತ್ತದೆ.

ಅದರ ಮರುದಿನ ಭಾವಮೈದನ ಕಣ್ಣು ತಿಳಿಯಾಗಿತ್ತು. ಎರಡು ಮುಕ್ಕಾಲಿಗೆ ಹೊರಟೆವು. ಅದೇ ಹಿಮ, ಆದರೆ ಸಿಮೆಂಟಿನ ನೆಲದಂತೆ. ಮೈಕ್ರೋಸ್ಪೈಕ್ ಕರಕರ ಎಂದು ಕಚ್ಚುತ್ತಿತ್ತು. ಮೊನ್ನೆ ನಾವು ಮುಳುಗಿ ತೋಡಿದ ಗುಂಡಿಗಳು ಕಲ್ಲಿನ ಒರಳುಗಳಾಗಿ ಸಾಲಾಗಿ ನಿಂತಿದ್ದವು. ಅವನ್ನು ಟಾರ್ಚಿನ ಬೆಳಕಿನಲ್ಲಿ ಒಂದೊಂದಾಗಿ ದಾಟುವಾಗ ನಗು ಬಂತು. ಕೊನೆಯ ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತೆ. ತಲೆ ಸಣ್ಣಗೆ ನೋಯುತ್ತಿತ್ತು, ವಾಂತಿ, ತೂರಾಟ ಇರಲಿಲ್ಲ. ಇದ್ದಿದ್ದರೆ ಇಳಿದುಬಿಡುವುದೆಂದು ಮೊದಲೇ ಮಾತಾಗಿತ್ತು.

ಏಳು ನಲವತ್ತಕ್ಕೆ ಪಾಸ್. 6,221 ಮೀಟರಿನ ಇಂದ್ರಾಸನ ಬಿಸಿಲಿನಲ್ಲಿ ನಿಂತಿತ್ತು. ಆಚೆ ಲಾಹೌಲ್ ಕಡೆ ಮರವೇ ಇಲ್ಲದ ಕಂದು ಬೆಟ್ಟಗಳು, ನಮ್ಮ ಪಾವಗಡದ ಗುಡ್ಡಗಳನ್ನು ಎಳೆದು ಎತ್ತರ ಮಾಡಿ ಹಿಮ ಚೆಲ್ಲಿದ ಹಾಗೆ. ಕೊಬ್ಬರಿ, ಬೆಲ್ಲ ಕಡಿದೆವು. ಗೈಡ್ ಇಪ್ಪತ್ತು ನಿಮಿಷ ಕೊಟ್ಟ. ಈ ಸಲ ಯಾರೂ ಚೌಕಾಸಿ ಮಾಡಲಿಲ್ಲ. ಹತ್ತೂಕಾಲಿಗೆ ಡೇರೆ ತಲುಪುವಾಗ ಕೊನೆಯ ಇಪ್ಪತ್ತು ಹೆಜ್ಜೆಗಳಲ್ಲಿ ಪಾದ ಮತ್ತೆ ಮುಳುಗಲು ಶುರುವಾಗಿತ್ತು.

ಶಾಲೆ ತೆರೆದ ದಿನ ನನ್ನ ಮೂಗಿನ ಚರ್ಮ ಇನ್ನೂ ಸುಲಿಯುತ್ತಿತ್ತು. ಮುಂದಿನ ಬೆಂಚಿನ ಹುಡುಗನೊಬ್ಬ ಬಹಳ ಹೊತ್ತು ನೋಡಿ, "ಸರ್, ರಜೆಗೆ ಪಾವಗಡಕ್ಕೆ ಹೋಗಿದ್ದಿರಾ?" ಎಂದು ಕೇಳಿದ.