ಹಣತೆಯ ಸುತ್ತಲಿನ ಬೆಳಕು: ಜಲವರ್ಣದ ಶುಭಾಶಯ ಪತ್ರಗಳು

ದೀಪಾವಳಿಗೆ ಬಂಧುಗಳಿಗೂ ಸ್ನೇಹಿತರಿಗೂ ಕೈಯಿಂದ ಬರೆದ ಶುಭಾಶಯ ಪತ್ರಗಳನ್ನೇ ಕಳುಹಿಸಬೇಕೆಂದು ನಾನು ನಿಶ್ಚಯಿಸಿ ಆರು ವರ್ಷಗಳಾದವು. ಮನಸ್ಸಿನಲ್ಲಿದ್ದ ಚಿತ್ರ ಸರಳವಾದದ್ದು: ಕಡುನೀಲಿ ಕತ್ತಲೆಯ ನಡುವೆ ಒಂದು ಹಣತೆ, ಅದರ ಸುತ್ತ ಮೆಲ್ಲಗೆ ಕರಗುತ್ತ ಹೋಗುವ ಹಳದಿ ಬೆಳಕು. ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟರೆ ಅದು ತಾನಾಗಿ ಹರಡಿ ಅಂಚುಗಳು ಮೃದುವಾಗುತ್ತವೆ ಎಂಬುದಷ್ಟೇ ಆಗ ನನಗೆ ತಿಳಿದಿತ್ತು. ಮೊದಲ ದಿನ ಬರೆದ ಹನ್ನೆರಡು ಪತ್ರಗಳಲ್ಲೂ ಹಳದಿಯು ನೀಲಿಯನ್ನು ಸೇರುವ ಕಡೆ ಹಸಿರು ಬಳೆಯೊಂದು ಮೂಡಿತ್ತು. ದೀಪದ ಬೆಳಕಿನಲ್ಲಿ ಎಂದೂ ಕಾಣದ ಬಣ್ಣ ಅದು.

ಹಳದಿಯನ್ನು ಪೂರ್ತಿ ಒಣಗಿಸಿ, ಮತ್ತೆ ನೀರು ಹಚ್ಚಿ ನೀಲಿ ಬಿಟ್ಟು ನೋಡಿದೆ. ಹಸಿರು ತಗ್ಗಿತಾದರೂ ಬೆಳಕು ಕತ್ತರಿಸಿ ಅಂಟಿಸಿದ ಬಿಲ್ಲೆಯಂತೆ ಕಂಡಿತು. ಅನಂತರ ಬಣ್ಣಗಳ ಸ್ವಭಾವವನ್ನೇ ಪರೀಕ್ಷಿಸಲು ಕುಳಿತೆ. ನನ್ನ ಪೆಟ್ಟಿಗೆಯಲ್ಲಿದ್ದ ಪ್ರಷ್ಯನ್ ನೀಲಿಯೇ ಹಸಿರಿನ ಕಡೆಗೆ ವಾಲುವ ಬಣ್ಣ. ಹಳದಿ ತಾಕಿದೊಡನೆ ಅದು ಎಳೆಗರಿಕೆಯ ಬಣ್ಣಕ್ಕೆ ತಿರುಗುತ್ತದೆ. ಅಲ್ಟ್ರಾಮರೀನ್ ನೀಲಿ ಕೆಂಪಿನ ಕಡೆಗೆ ವಾಲುವುದರಿಂದ ಅದು ಕೊಡುವ ಹಸಿರು ಮಂಕಾಗಿರುತ್ತದೆ. ಹಳದಿಗೂ ನೀಲಿಗೂ ನಡುವೆ ಕಿತ್ತಳೆಯ ತೆಳುಪಟ್ಟಿಯನ್ನೂ ಅದರಾಚೆ ಬರ್ನ್ಟ್ ಸಿಯೆನ್ನಾ ಎಂಬ ಇಟ್ಟಿಗೆಗಂದನ್ನೂ ಬಿಟ್ಟಾಗ ಹಸಿರು ಸಂಪೂರ್ಣವಾಗಿ ಮಾಯವಾಯಿತು. ಕಿತ್ತಳೆ ಮತ್ತು ನೀಲಿ ಪರಸ್ಪರ ವಿರುದ್ಧ ಬಣ್ಣಗಳಾದ್ದರಿಂದ ಸೇರಿದ ಕಡೆ ಕಂದುಬೂದು ಆಗುತ್ತವೆ. ಜಗಲಿಯ ಕಟ್ಟೆಯ ಮೇಲಿಟ್ಟ ಹಣತೆಯನ್ನು ದೂರದಿಂದ ನೋಡಿದರೆ ಬೆಳಕು ಕತ್ತಲೆಗೆ ಇಳಿಯುವುದೂ ಆ ಬಣ್ಣದ ಮೂಲಕವೇ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ಸಮೀಪದ, ಆದರೆ ಸತ್ತಂತೆ ಕಾಣದ ಕತ್ತಲೆಯೂ ದೊರೆಯುತ್ತದೆ. ಅಂದಿನಿಂದ ಕಪ್ಪು ಬಣ್ಣದ ಟ್ಯೂಬನ್ನು ನಾನು ಮುಟ್ಟಿಲ್ಲ.

ಬಣ್ಣದ ತೊಡಕು ಬಗೆಹರಿದ ಮೇಲೂ ಹತ್ತರಲ್ಲಿ ನಾಲ್ಕು ಪತ್ರಗಳು ಕೆಡುತ್ತಿದ್ದವು. ನೀಲಿ ಕೆಲವೊಮ್ಮೆ ಹಣತೆಯ ಒಳಕ್ಕೇ ನುಗ್ಗುತ್ತಿತ್ತು, ಕೆಲವೊಮ್ಮೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತಿತ್ತು. ಒಂದೇ ಅಳತೆಯ ಒಂಬತ್ತು ತುಂಡುಗಳಿಗೆ ಒಟ್ಟಿಗೆ ನೀರು ಹಚ್ಚಿ, ಎರಡೆರಡು ನಿಮಿಷದ ಅಂತರದಲ್ಲಿ ಒಂದೊಂದಕ್ಕೆ ನೀಲಿ ಬಿಡುತ್ತ, ಹಿಂಬದಿಯಲ್ಲಿ ಸಮಯವನ್ನು ಬರೆದಿಟ್ಟೆ. ಆ ಒಂಬತ್ತು ತುಂಡುಗಳು ನನಗೆ ಹೇಳಿಕೊಟ್ಟಷ್ಟನ್ನು ಬೇರೆ ಯಾವುದೂ ಹೇಳಿಕೊಟ್ಟಿಲ್ಲ. ಕಾಗದ ಕನ್ನಡಿಯಂತೆ ಹೊಳೆಯುತ್ತಿರುವಾಗ ಬಿಟ್ಟ ಬಣ್ಣ ಹಿಡಿತಕ್ಕೆ ಸಿಗದೆ ಓಡುತ್ತದೆ. ಹೊಳಪು ಇಳಿದು, ರೇಷ್ಮೆಯಂಥ ಮಂದ ಮಿನುಗು ಉಳಿದಾಗ ಬಿಟ್ಟ ಬಣ್ಣ ಅರ್ಧ ಅಂಗುಲ ಹರಡಿ ನಿಲ್ಲುತ್ತದೆ. ಮಿನುಗೂ ಆರಿದ ಮೇಲೆ, ಕಾಗದ ಇನ್ನೂ ಹಸಿಯಾಗಿರುವಾಗ ನೀರಾದ ಬಣ್ಣ ಮುಟ್ಟಿಸಿದರೆ, ಕುಂಚದ ನೀರು ಅರೆ ಆರಿದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಆ ಹೂಕೋಸು ಮೂಡುತ್ತದೆ. ಕುಂಚದಲ್ಲಿರುವ ನೀರು ಕಾಗದದಲ್ಲಿರುವ ನೀರಿಗಿಂತ ಕಡಿಮೆ ಇರಬೇಕು. ಆದ್ದರಿಂದ ಈಗ ನೀಲಿಯನ್ನು ಗಟ್ಟಿ ಮಜ್ಜಿಗೆಯ ಹದಕ್ಕೆ ಕಲಸಿ, ಹೊರಮೂಲೆಗಳಿಂದ ಒಳಗಡೆಗೆ ಬಿಡುತ್ತೇನೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ, ಒದ್ದೆಯಲ್ಲಿ ಅತಿಯಾಯಿತು ಎನ್ನಿಸುವಷ್ಟು ಕಡುವಾಗಿಯೇ ಇಡಬೇಕು. ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳಪಿನ ಸ್ಥಿತಿ ಕಾಣುತ್ತದೆ. ಬೆರಳಿನ ಹಿಂಭಾಗ ತಾಕಿಸಿದಾಗ ತಣ್ಣಗಿದ್ದರೆ ಒಳಗೆ ಹಸಿ ಉಳಿದಿದೆ ಎಂದರ್ಥ.

ನಾವಿರುವುದು ತೀರ್ಥಹಳ್ಳಿಯ ಬಳಿ. ಇಲ್ಲಿ ಆಷಾಢ, ಶ್ರಾವಣಗಳಲ್ಲಿ ಆ ಮಂದ ಮಿನುಗು ಬರುವುದಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮಾರ್ಚಿನ ಮಧ್ಯಾಹ್ನ ನಾಲ್ಕೇ ನಿಮಿಷ ಸಾಕು. ಗಡಿಯಾರ ನೋಡಿ ಕೆಲಸ ಮಾಡಿದ್ದರಿಂದಲೇ ಮೊದಲ ವರ್ಷ ಅಷ್ಟು ಕಾಗದ ಹಾಳಾಯಿತು. ಮಳೆಗಾಲದ ತೇವ ಕಾಗದದ ಮೇಲಿನ ಅಂಟಿನ ಲೇಪವನ್ನೂ ಕೆಡಿಸುತ್ತದೆ. ಅಂಥ ಹಾಳೆ ಅಲ್ಲಲ್ಲಿ ಬಣ್ಣವನ್ನು ಒತ್ತುಕಾಗದದಂತೆ ಹೀರಿ ಚುಕ್ಕೆ ತೋರಿಸುತ್ತದೆ, ಅದಕ್ಕೆ ಪರಿಹಾರವಿಲ್ಲ. ಹಾಳೆಗಳನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿಡುವುದನ್ನು ಆ ನಂತರ ರೂಢಿಸಿಕೊಂಡೆ. ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು, ಅಂದರೆ 300 ಜಿಎಸ್‌ಎಂ ಇರಲಿ, ಸಾಧ್ಯವಾದರೆ ಪೂರ್ತಿ ಹತ್ತಿಯದಾಗಿರಲಿ. ಅಭ್ಯಾಸಕ್ಕೆ ಅಗ್ಗದ ಕಾಗದ, ಕೊನೆಯ ಚಿತ್ರಕ್ಕೆ ಒಳ್ಳೆಯದು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎರಡರ ಮೇಲೂ ನೀರು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಒಂದರಲ್ಲಿ ಕಲಿತ ಹದ ಇನ್ನೊಂದಕ್ಕೆ ಒದಗುವುದಿಲ್ಲ.

ನಕ್ಷತ್ರಗಳಿಗಾಗಿ ಹಸಿ ನೀಲಿಯ ಮೇಲೆ ಉಪ್ಪು ಉದುರಿಸುವ ಕ್ರಮವನ್ನೂ ಮಾಡಿ ನೋಡಿದ್ದೇನೆ. ಪ್ರತಿಯೊಂದು ಹರಳು ತನ್ನ ಸುತ್ತಲಿನ ನೀರನ್ನು ಎಳೆದುಕೊಂಡು ಬೆಳ್ಳನೆಯ ಚುಕ್ಕೆ ಬಿಡುತ್ತದೆ. ಪುಡಿ ಉಪ್ಪಿನಿಂದ ನಕ್ಷತ್ರಗಳು ಬಂದರೆ ಕಲ್ಲುಪ್ಪಿನಿಂದ ಹಿಮದ ಹೂಗಳಂಥವು ಬರುತ್ತವೆ. ಆದರೆ ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವವನ್ನೂ ಹೀರಿ ತಾನೇ ಕರಗುತ್ತದೆ, ಉಜ್ಜಿ ತೆಗೆದ ಮೇಲೂ ಕಾಗದ ಜಿನುಗುತ್ತಿರುತ್ತದೆ. ಆದ್ದರಿಂದ ಉಪ್ಪನ್ನು ನಾನು ಬೇಸಿಗೆಗೆ ಮೀಸಲಿಟ್ಟಿದ್ದೇನೆ.

ಅಕ್ಷರಗಳ ಕೆಲಸಕ್ಕೆ ಸಾಧಾರಣ ಮೇಣದ ಬತ್ತಿಯೇ ಸಾಕು. ಮೊದಲು ಬತ್ತಿಯ ತುದಿಯಿಂದ ಬರೆದು, ಮೇಲೆ ಬಣ್ಣ ಎಳೆದರೆ ಮೇಣವಿದ್ದ ಕಡೆ ಕಾಗದದ ಬಿಳುಪು ಉಳಿದು ಬರಹ ಎದ್ದು ಬರುತ್ತದೆ. ಮೇಣದ ಗೆರೆ ದಪ್ಪವಾದ್ದರಿಂದ ಒತ್ತಕ್ಷರಗಳು ಮಾತ್ರ ಮುಚ್ಚಿಹೋಗುತ್ತವೆ. ‘ಶುಭಾಶಯ’, ‘ದೀಪಾವಳಿ’, ‘ಯುಗಾದಿ’ ಸ್ವಚ್ಛವಾಗಿ ಮೂಡಿದರೆ ‘ಹುಟ್ಟುಹಬ್ಬ’ದ ಟ್ಟ, ಬ್ಬಗಳು ಉಂಡೆಯಾಗುತ್ತವೆ, ಅವಕ್ಕೆ ಒಣಗಿದ ಮೇಲೆ ನೀರಿಗೆ ಕರಗದ ಇಂಕಿನ ಪೆನ್ನೇ ಬೇಕು. ಜೆಲ್ ಪೆನ್ನಿನಲ್ಲಿ ಹೆಸರು ಬರೆದು ಸೋದರತ್ತೆಗೆ ಕಳುಹಿಸಿದ ಪತ್ರವೊಂದು ದಾರಿಯಲ್ಲಿ ತೇವ ತಗುಲಿ, ನೀಲಿಯ ಮಬ್ಬಾಗಿ ತಲುಪಿತ್ತು.

ಬರೆದ ಹಾಳೆಯನ್ನೇ ಮಡಿಸಿದರೆ ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ. ನಾನು ಚಿತ್ರವನ್ನು ಬೇರೆಯಾಗಿ ಬರೆದು, ಎ5 ಅಳತೆಯ ದಪ್ಪ ಕಾಗದವನ್ನು ಎರಡಾಗಿ ಮಡಿಸಿ ಅದರ ಮೇಲೆ ಕೂಡಿಸುತ್ತೇನೆ. ದ್ರವದ ಅಂಟು ಚಿತ್ರವನ್ನು ಸುಕ್ಕುಗಟ್ಟಿಸುವುದರಿಂದ ಎರಡೂ ಕಡೆ ಅಂಟುವ ಟೇಪನ್ನು ಬಳಸುತ್ತೇನೆ. ಮಡಿಸುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಎಳೆದುಕೊಂಡರೆ ಮಡಿಕೆ ನೇರವಾಗಿ ಬರುತ್ತದೆ.

ಈಗ ಯುಗಾದಿಯ ಪತ್ರಗಳು ಮೇಜಿನ ಮೇಲಿವೆ. ಮಾವಿನ ಚಿಗುರಿನ ತಾಮ್ರದ ಬಣ್ಣ ಬರ್ನ್ಟ್ ಸಿಯೆನ್ನಾಕ್ಕೆ ತುಸು ಕೆಂಪು ಸೇರಿಸಿದ್ದರಿಂದ ದೊರೆತಿದೆ. ಬೇವಿನ ಹೂವಿನ ಬಿಳುಪನ್ನು ಕಾಗದದಲ್ಲೇ ಉಳಿಸಿಕೊಳ್ಳಲು, ಎಸಳುಗಳ ಸುತ್ತ ಎಲೆಯ ಹಸಿರನ್ನು ಸಣ್ಣ ಕುಂಚದಿಂದ ಬಿಡುತ್ತ, ಮಿನುಗು ಆರುವುದರೊಳಗೆ ಎಷ್ಟು ಹೂಗಳನ್ನು ಮುಗಿಸಬಹುದೆಂದು ಎಣಿಸುತ್ತಿದ್ದೇನೆ. ನಿನ್ನೆಯವರೆಗೆ ಮೂರು ಆಗಿದ್ದವು, ಇಂದು ಬೆಳಿಗ್ಗೆ ಐದು.